ಕೇಳಿಸಿದಷ್ಟೇ

ಬೀಗಿತ್ತಿಯನ್ನು ಕರೆದುಕೊಂಡು ಬಂದಿದ್ದೇ ತಪ್ಪಾಯಿತು ಎಂದು ಬಸ್ಸು ಇಳಿಯುವ ಮೊದಲೇ ಅವನಿಗೆ ಅನ್ನಿಸಿಬಿಟ್ಟಿತ್ತು. ಹದಿನಾಲ್ಕು ವರ್ಷದಿಂದ ತಿಂಗಳಿಗೊಂದು ಬೆಳಗ್ಗೆ ಇದೇ ಬಸ್ಸು, ಇದೇ ಹಿಂದಿನ ಸೀಟು, ಒಬ್ಬನೇ. ಇವತ್ತು ಪಕ್ಕದಲ್ಲಿ ಮಗಳ ಅತ್ತೆ, ತಮ್ಮ ಮಗನ ಮನೆಯಲ್ಲಿ ಎಂಟು ದಿನ ಇದ್ದು ಹೋಗಲು ಬಂದವರು. 'ನಾವಿಬ್ಬರೂ ಕೆಲಸಕ್ಕೆ ಹೋದ್ರೆ ಅತ್ತೆ ಒಬ್ಬರೇ ಗೋಡೆ ನೋಡ್ಕೊಂಡು ಕೂತಿರ್ತಾರಪ್ಪಾ, ನಿನ್ ಜೊತೆ ಕರ್ಕೊಂಡು ಹೋಗು' ಅಂದಿದ್ದಳು ಮಗಳು. ಮಗಳ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡಿರುವವನು ಇಲ್ಲ ಅನ್ನುವುದು ಹೇಗೆ? 'ಬೀಗರೇ, ನಾವು ಬರ್ತಿದ್ದೀವಿ ಅಂತ ಹಕ್ಕಿಗಳಿಗೆ ತಿಳಿಸಿದ್ದೀರೋ ಇಲ್ವೋ? ಹೇಳದೆ ಕೇಳದೆ ಹೋದ್ರೆ ಮನೇಲಿ ಇರ್ತಾವಾ?' ಎಂದು ಕೇಳಿ ಬೀಗಿತ್ತಿ ತಾವೇ ನಕ್ಕರು. ಅವನು ನಗಲಿಲ್ಲ. ಅವನ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ನಮೂನೆ ಇತ್ತು. ಇನ್ನೂ ಖಾಲಿ. ಆದರೆ ಅದರಲ್ಲಿ ಏನು ಬರೆಯುತ್ತೇನೆಂದು ಅವನಿಗೆ ಆಗಲೇ ಗೊತ್ತಿತ್ತು. ಒಂದನೇ ಕಂಬ ಮೂರು, ಎರಡನೇದು ಎರಡು, ಮೂರನೇದು ಎರಡು, ನಾಲ್ಕನೇದು ನಾಲ್ಕು, ಐದನೇದು ಒಂದು. ಒಂದೊಂದು ಸಲ ಮೂರರ ಬದಲು ಎರಡು, ಎರಡರ ಬದಲು ಮೂರು, ಯಾರಿಗೂ ಅನುಮಾನ ಬರದಿರಲಿ ಅಂತ. ಥೂ, ಎಂಥ ಬಾಳು! ಹಕ್ಕಿಯ ದನಿ ಕೇಳಿ ಬರೆಯಬೇಕಾದ ಲೆಕ್ಕ ಅದು. ಆ ದನಿ ಅವನ ಕಿವಿಗೆ ಬೀಳದೆ ಎರಡು ವರ್ಷವಾಗಿತ್ತು.

ಕಿವುಡು ಅನ್ನುವ ಹಾಗೂ ಇಲ್ಲ. ಬಸ್ಸಿನ ಗಡಗಡ ಕೇಳುತ್ತದೆ, ಅಳಿಯನ ಗೊರಕೆ ಗೋಡೆ ದಾಟಿ ಕೇಳುತ್ತದೆ, ಬೀಗಿತ್ತಿಯ ಮಾತಂತೂ ಬೇಡವೆಂದರೂ ಕೇಳುತ್ತದೆ. ಹೋಗಿರುವುದು ತೀರಾ ಸಣ್ಣ, ತೀರಾ ಮೇಲಿನ ದನಿಗಳು ಮಾತ್ರ. ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿ ಕೂಗಿಕೊಂಡರೆ ಮಗಳು ಒಳಗಿನಿಂದ ಓಡಿ ಬಂದು, ಅಪ್ಪಾ ಪಕ್ಕದಲ್ಲೇ ಕೂತಿದ್ದೀಯಲ್ಲ, ಆರಿಸಬಾರದಾ ಅನ್ನುತ್ತಾಳೆ. ಪೇಪರಿನಲ್ಲಿ ಮುಳುಗಿದ್ದೆ ಅಂತ ಇವನು ಪೇಪರು ಅಲ್ಲಾಡಿಸಿ ತೋರಿಸುತ್ತಾನೆ. ಜೊಂಡಿನ ಹಕ್ಕಿಯ ದನಿ ಆ ಜಾತಿಯದೇ. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರೊಂದಿದೆ, ಇಲ್ಲಿನವರಿಗೆ ಅದು ಬರೀ ಜೊಂಡಿನ ಹಕ್ಕಿ, ಹೆಬ್ಬೆರಳಿನಷ್ಟು ಉದ್ದ, ಒಣಗಿದ ಜೊಂಡಿನದೇ ಬಣ್ಣ. ಕಣ್ಣಿಗೆ ಬೀಳುವುದು ವರ್ಷಕ್ಕೊಮ್ಮೆ. ಹಾಗಾಗಿ ಕಿವಿಯಿಂದಲೇ ಎಣಿಸಬೇಕು. ಐದು ಕಂಬ, ಒಂದೊಂದರ ಹತ್ತಿರ ಐದೈದು ನಿಮಿಷ, ಮಾತಿಲ್ಲ ಕತೆಯಿಲ್ಲ, ಕೇಳಿಸಿದಷ್ಟೇ ಬರೆಯುವುದು. ಆ ನಿಯಮವನ್ನು ಮಾಡಿದವನೂ ಅವನೇ, ಇದೇ ಪಕ್ಷಿಧಾಮದ ಕಚೇರಿಯಲ್ಲಿ, ಎಲ್ಲರ ಮುಂದೆ ಮೇಜು ಕುಟ್ಟಿ.

ಗೇಟಿನಲ್ಲಿ ಅಧಿಕಾರಿಯೇ ಸಿಕ್ಕಳು. ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು, ರಬ್ಬರ್ ಬೂಟು, ಕೈಯಲ್ಲಿ ಯಾವಾಗಲೂ ಒಂದು ಬೀಗದ ಕೈ ಗೊಂಚಲು. 'ಸಾರ್, ಹನ್ನೊಂದರೊಳಗೆ ಕೊಟ್ಬಿಡಿ. ಜೊಂಡು ಕತ್ತರಿಸೋ ಯಂತ್ರ ನಾಡಿದ್ದು ಬರುತ್ತೆ. ಬೇಕಾ ಬೇಡ್ವಾ ಅಂತ ಇವತ್ತೇ ಫೋನ್ ಮಾಡಿ ಹೇಳ್ಬೇಕು. ಈ ಸಲವೂ ಲೆಕ್ಕ ಇಳಿದಿಲ್ಲ ಅಂದ್ರೆ ಬೇಡ ಅಂತೀನಿ' ಅಂದಳು. ಜೊಂಡು ಮುದಿಯಾಗಿ ಬುಡದಲ್ಲಿ ಕೊಳೆಯುತ್ತಿರುವುದು ಅವಳ ಕಣ್ಣಿಗೂ ಕಾಣುತ್ತಿತ್ತು. ಪಾಲು ಪಾಲಾಗಿ ಕತ್ತರಿಸಿ ಚಿಗುರಲು ಬಿಡದಿದ್ದರೆ ಆ ಹಕ್ಕಿ ಗೂಡು ಕಟ್ಟುವುದಿಲ್ಲ, ಬಿಟ್ಟು ಹೋಗುತ್ತದೆ. ಆದರೆ ಹದಿನಾಲ್ಕು ವರ್ಷ ಕರಾರುವಾಕ್ಕಾಗಿ ಎಣಿಸಿದ ಮನುಷ್ಯ ಇಳಿದಿಲ್ಲ ಅಂತ ಬರೆದುಕೊಡುವಾಗ ಅವಳು ತನ್ನ ಕಣ್ಣನ್ನು ಯಾಕೆ ನಂಬಬೇಕು? ಕಚೇರಿಯ ಗೋಡೆಗೆ ಅವಳು ವರ್ಷ ವರ್ಷದ ಹಕ್ಕಿ ಲೆಕ್ಕದ ದೊಡ್ಡ ಕಾಗದವೊಂದನ್ನು ಅಂಟಿಸಿದ್ದಾಳೆ. ಬೇರೆಲ್ಲ ಕೆರೆಗಳ ಗೆರೆ ಇಳಿಜಾರಿನಲ್ಲಿ ಉರುಳಿದ ಹಾಗಿದೆ, ಇಲ್ಲಿಯದು ಮಾತ್ರ ಮಟ್ಟಸ. ನೋಡಲು ಬಂದವರಿಗೆಲ್ಲ ಅದನ್ನು ತೋರಿಸಿ, ಇವರೇ ನಮ್ಮ ಸರ್ವೆಯರ್ ಸಾರ್ ಅನ್ನುತ್ತಾಳೆ. ಆಗ ಇವನು ತಲೆ ತಗ್ಗಿಸುವುದನ್ನು ಜನ ವಿನಯ ಅಂದುಕೊಳ್ಳುತ್ತಾರೆ.

ಹಲಗೆ ಹಾಸಿದ ದಾರಿ ನೀರಿನ ಅಂಚಿನಲ್ಲಿ ಸಾಗಿ ಜೊಂಡಿನೊಳಗೆ ನುಗ್ಗುತ್ತದೆ. ಬಯಲಿನ ನೀರಿನಲ್ಲಿ ಬಾತುಗಳು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಮೇಯುತ್ತಿದ್ದವು. ಬೀಗಿತ್ತಿ ದುರ್ಬೀನನ್ನು ತಿರುಗಾಮುರುಗಾ ಹಿಡಿದು, 'ಅಯ್ಯೋ, ಎಷ್ಟು ದೂರ ಹೋಗ್ಬಿಟ್ವು!' ಅಂದರು. ಸರಿಯಾಗಿ ಹಿಡಿಸಿದ ಮೇಲೆ ದಡದುದ್ದಕ್ಕೂ ಒಂದೊಂದನ್ನೇ ನೋಡುತ್ತಾ ಬಂದರು. ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು. 'ಇದು ನಮ್ಮ ಹಳೇ ಸೂಪರ್‌ವೈಸರ್ ಥರಾನೇ ಇದೆ ಕಣ್ರೀ' ಎಂದು ಪಿಸುಗುಟ್ಟಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತು ಲೈನು ಕೂಡಿಸಿದವರು ಬೀಗಿತ್ತಿ. ಅವರಿಗೆ ಮಾತು ನಿಲ್ಲಿಸುವುದು ಕಷ್ಟ ಎಂದು ಇವನು ಹೆದರಿದ್ದ. ಜೊಂಡಿನ ಬಾಯಲ್ಲಿ ನಿಂತು ನಿಯಮ ಹೇಳಿದ, ಸ್ವಲ್ಪ ಒರಟಾಗಿಯೇ. ಕಂಬದ ಹತ್ತಿರ ಉಸಿರು ಕೂಡ ಮೆಲ್ಲಗೆ. ಬೇಕಾದರೆ ಜೊಂಡಿನೊಳಗಿಂದ ಕೇಳಿಸಿದ ಒಂದೊಂದು ಸಣ್ಣ ಹಕ್ಕಿದನಿಗೆ ಒಂದೊಂದು ಬೆರಳು ಎತ್ತಿ, ಅಷ್ಟೇ. 'ಆಗ್ಲಿ ಮೇಷ್ಟ್ರೇ' ಅಂದರು ಬೀಗಿತ್ತಿ, ಬಾಯಿಗೆ ಬೀಗ ಹಾಕಿಕೊಂಡಂತೆ ನಟಿಸಿ.

ಒಂದನೇ ಕಂಬ. ಕೈಗಡಿಯಾರದಲ್ಲಿ ಐದು ನಿಮಿಷಕ್ಕೆ ಗುಂಡಿ ಒತ್ತಿ ನಿಂತ. ಜೊಂಡು ತೂಗಿತು, ಒಣ ಗರಿ ಗರಿಗೆ ಉಜ್ಜಿತು, ಅದು ಕೇಳಿಸಿತು. ಕಪ್ಪೆ ಕೇಳಿಸಿತು. ಅದರಾಚೆ ಒಂದು ದೊಡ್ಡ ಖಾಲಿ. ಮೊದಲ ಸಲ ಆ ಖಾಲಿಯೊಳಗೆ ನಿಂತಾಗ ಮಂಜು ಕವಿದಿತ್ತು, ಚಳಿಗೆ ಹಕ್ಕಿಗಳು ಬಾಯಿ ಬಿಡುತ್ತಿಲ್ಲ ಅಂದುಕೊಂಡಿದ್ದ. ಸೊನ್ನೆ ಬರೆಯಲು ಪೆನ್ನು ತೆಗೆದಿದ್ದ ಕೂಡಾ. ಆಗ ಆಚೆ ದಡದ ಲೆಕ್ಕದವನು, ಬ್ಯಾಂಕಿನ ಗುಮಾಸ್ತ, ಕೈ ಉಜ್ಜುತ್ತಾ ಬಂದು, 'ಏನ್ ಗಲಾಟೆ ಸಾರ್ ಇವತ್ತು ಜೊಂಡಲ್ಲಿ, ಕಿವಿ ತೂತು ಬೀಳ್ತಿದೆ' ಅಂದ. ಹೌದು ಹೌದು ಅಂದ ಇವನು. ಹೌದು ಅಂದವನು ಮೂರು ಅಂತ ಬರೆದ. ಒಂದು ಸಲ ಬರೆದಿದ್ದಕ್ಕೆ ಎರಡನೇ ಸಲವೂ ಬರೆಯಬೇಕಾಯಿತು. ಬೀಗಿತ್ತಿ ಕಣ್ಣು ಮುಚ್ಚಿ ನಿಂತಿದ್ದರು, ಎರಡೂ ಕೈ ಹೊಟ್ಟೆಯ ಮೇಲೆ, ಒಂದು ಬೆರಳೂ ಏಳಲಿಲ್ಲ. ಗಡಿಯಾರದ ಅಂಕಿ ಸೊನ್ನೆಗೆ ಬಂದದ್ದನ್ನು ನೋಡಿಕೊಂಡು ಗುಂಡಿ ಒತ್ತಿ ನಿಲ್ಲಿಸಿ, ಇವನು ನಮೂನೆ ಬಿಡಿಸಿ ಮೂರು ಎಂದು ಬರೆದ. ಬೀಗಿತ್ತಿ ಇಣುಕಿ ನೋಡಿದರು. 'ಮೂರು ಎಲ್ಲಿಂದ ಬಂತು ಬೀಗರೇ?'

'ಅದಕ್ಕೆ ಅಭ್ಯಾಸ ಬೇಕು. ಸುಮ್ಮನೆ ಬಂದು ನಿಂತೋರಿಗೆಲ್ಲ ಕೇಳಿಸಲ್ಲ.'

ಎರಡನೇ ಕಂಬದಲ್ಲೂ ಬೆರಳು ಏಳಲಿಲ್ಲ, ಇವನು ಎರಡು ಬರೆದ. ಬೀಗಿತ್ತಿ ಇಣುಕಲಿಲ್ಲ, ಆದರೆ ಮುಖ ಬಿಗಿದುಕೊಂಡಿತು. 'ಬೀಗರೇ, ನನಗೆ ಅಡುಗೆ ಬರಲ್ಲ ಅನ್ನಿ, ಒಪ್ಕೋತೀನಿ. ಬಾಯಿ ಜಾಸ್ತಿ ಅನ್ನಿ, ನನ್ನ ಮಗನೇ ಅಂತಾನೆ. ಕಿವಿ ಬಗ್ಗೆ ಮಾತ್ರ ಅನ್ಬೇಡಿ. ಮೂವತ್ತೊಂದು ವರ್ಷ ಕಿವಿಯಿಂದಲೇ ಹೊಟ್ಟೆ ಹೊರೆದೋಳು ನಾನು. ಆ ಕಡೆ ಮಾತಾಡೋನು ಅತ್ತು ಬಂದಿದ್ದಾನಾ ಕುಡಿದು ಬಂದಿದ್ದಾನಾ ಅಂತ ಒಂದು ಹಲೋನಲ್ಲೇ ಹೇಳ್ತಿದ್ದೆ.' ಇವನು ಮುಂದೆ ನಡೆದ. ಬೂಟಿನ ಕೆಳಗೆ ಹಲಗೆ ಟೊಳ್ಳಾಗಿ ಬಡಿಯುತ್ತಿತ್ತು. ಆಕೆಯ ಮನಸ್ಸು ನೋಯಿಸಿದೆ ಅನ್ನುವ ನಾಚಿಕೆ ಒಂದು ಕಡೆ. ಸಂಜೆ ಊಟಕ್ಕೆ ಕೂತಾಗ ಆಕೆ ಎಲ್ಲರ ಮುಂದೆ ಇದನ್ನೆಲ್ಲ ಹೇಳಿದರೆ ಅನ್ನುವ ಭಯ ಇನ್ನೊಂದು ಕಡೆ. ಇವೆರಡರ ಅಡಿಯಲ್ಲಿ, ಅವನು ಮುಟ್ಟಲು ಹೆದರುತ್ತಿದ್ದ ಮೂರನೆಯದೊಂದಿತ್ತು. ಈಕೆಯ ಕಿವಿ ಅಷ್ಟು ಚೆನ್ನಾಗಿದ್ದೂ ಒಂದು ಬೆರಳೂ ಏಳಲಿಲ್ಲ ಅಂದರೆ? ಇಷ್ಟು ದಿನ ತನಗೆ ಕೇಳುತ್ತಿಲ್ಲ ಅಂದುಕೊಂಡಿದ್ದ. ಹಕ್ಕಿಯೇ ಇಲ್ಲದಿರಬಹುದು ಅನ್ನುವುದನ್ನು ಯೋಚಿಸಲು ಅವನು ತನಗೆ ತಾನೇ ಬಿಟ್ಟಿರಲಿಲ್ಲ.

ಮೂರನೇ ಕಂಬದಲ್ಲಿ ಗುಂಡಿ ಒತ್ತಿದವನು ಅಂಕಿ ನೋಡುವುದನ್ನು ಮರೆತ. ಜೊಂಡಿನ ಬುಡ ನೋಡುತ್ತಾ ನಿಂತುಬಿಟ್ಟ. ಹಳೆಯ ಕಾಂಡಗಳು ಒಂದರ ಮೇಲೊಂದು ಬಿದ್ದು ಚಾಪೆಯಾಗಿದ್ದವು, ಹಸಿರು ಅನ್ನುವುದು ತುದಿಯಲ್ಲಿ ಮಾತ್ರ. ಎಷ್ಟು ವರ್ಷದಿಂದ ಹೀಗಿದೆ ಇದು? ಸರ್ವೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹೊಲದ ಮೂಲೆಗೆ ಮುಳ್ಳುಪೊದೆ ಅಡ್ಡ ಬಂದಿತ್ತು. ಅಂದಾಜಿಗೆ ಹಾಕ್ರೀ, ಹತ್ತಡಿ ಆಚೆ ಈಚೆ ಯಾರು ಕೇಳ್ತಾರೆ ಅಂದಿದ್ದರು ಮೇಲಿನವರು. ಇವನು ಮಾರನೇ ದಿನ ಒಬ್ಬನೇ ಹೋಗಿ, ಅಂಗಿ ಹರಿದುಕೊಂಡು ಪೊದೆಯೊಳಗೆ ನುಗ್ಗಿ ಅಳತೆಯ ಸರಪಳಿ ಎಳೆದಿದ್ದ. ಹತ್ತಡಿಯಲ್ಲ, ಎರಡಡಿ ವ್ಯತ್ಯಾಸ. ಕಚೇರಿಯೆಲ್ಲ ನಕ್ಕಿತ್ತು, ಅವನಿಗೆ ಮಾತ್ರ ಆ ರಾತ್ರಿ ಒಳ್ಳೆಯ ನಿದ್ದೆ ಬಂದಿತ್ತು. ತೋಳಿನ ಮೇಲೆ ಯಾರೋ ಮೆಲ್ಲಗೆ ತಟ್ಟಿದರು. ಬೀಗಿತ್ತಿ.

'ಬೀಗರೇ, ನಿಮ್ಮ ಗಡಿಯಾರ ಕೂಗ್ತಾ ಇದೆ.'

ಇವನು ಮಣಿಕಟ್ಟು ನೋಡಿಕೊಂಡ. ಅಂಕಿಗಳು ಮಿನುಗುತ್ತಿದ್ದವು.

'ಆಗಿನಿಂದ ಕೂಗ್ತಾ ಇದೆ' ಅಂದರು ಬೀಗಿತ್ತಿ. ದನಿಯಲ್ಲಿ ತಮಾಷೆ ಇರಲಿಲ್ಲ. ತಾವೇ ಅವನ ಮಣಿಕಟ್ಟು ಹಿಡಿದು ಗುಂಡಿ ಒತ್ತಿ ಅದನ್ನು ನಿಲ್ಲಿಸಿದರು. ಅವನಿಗೆ ನಿಂತಿದ್ದೂ ಕೇಳಿಸಲಿಲ್ಲ. 'ಎಷ್ಟು ದಿನ ಆಯ್ತು?'

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಲಗೆಯ ಅಂಚಿಗೆ ಕೂತ. ಎರಡು ವರ್ಷ ಅಂದ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ; ಮಂಜಿನ ದಿನ, ಗುಮಾಸ್ತ, ಗೋಡೆಯ ಮೇಲಿನ ಮಟ್ಟಸ ಗೆರೆ, ಎರಡು ಸಲ ವಾಪಸ್ಸು ಹೋದ ಯಂತ್ರ. 'ಕೇಳಿಸಲ್ಲ ಅಂದಿದ್ರೆ ಬೇರೆ ಯಾರನ್ನಾದ್ರೂ ಹಾಕ್ತಿದ್ರು. ಆಮೇಲೆ ನಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಬೇಕಿತ್ತು, ಹೇಳಿ. ಮುಂದಿನ ಕೋಣೇಲಿ ಪೇಪರ್ ಓದ್ಕೊಂಡು ಕೂತಿರ್ಬೇಕಾ?' ಬೀಗಿತ್ತಿಯೂ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಪಕ್ಕದಲ್ಲಿ ಕೂತರು. ಸಮಾಧಾನ ಹೇಳಲಿಲ್ಲ. 'ಇಲ್ಲೂ ಒಂದೂ ಕೂಗಲಿಲ್ಲ. ಇನ್ನೂ ಎರಡು ಕಂಬ ಇದೆ ಅಲ್ವಾ?' ಅಂದರು. 'ಏಳಿ. ಆ ಗಡಿಯಾರ ಇತ್ಲಾಗೆ ಕೊಡಿ.'

ನಾಲ್ಕನೇ ಕಂಬದಲ್ಲಿ ಅವನು ಜೊಂಡು ನೋಡಲಿಲ್ಲ, ನೀರು ನೋಡಲಿಲ್ಲ. ಬೀಗಿತ್ತಿಯ ಕೈಯನ್ನೇ ನೋಡುತ್ತಾ ನಿಂತ. ಉಬ್ಬಿದ ನರ, ಸವೆದ ಉಂಗುರ, ಗಿಡ್ಡ ಉಗುರು. ಅವರು ಕಣ್ಣು ಮುಚ್ಚಿದ್ದರು, ಕತ್ತು ಒಂದಿಷ್ಟು ಎಡಕ್ಕೆ ವಾಲಿತ್ತು. ಒಂದು ನಿಮಿಷ. ಎರಡು. ಯಾವ ದೇವರಿಗೆ ಏನು ಕೇಳಬೇಕೆಂದೂ ತಿಳಿಯದೆ ಅವನು ಬರೀ ಬೇಡಿದ. ಇರಲಿ, ಒಂದಾದರೂ ಇರಲಿ, ನನಗೆ ಕೇಳದಿದ್ದರೆ ಬೇಡ. ಮೂರನೇ ನಿಮಿಷಕ್ಕೆ ಅವರ ಹುಬ್ಬು ಗಂಟಿಕ್ಕಿತು. ತೋರುಬೆರಳು ಅರ್ಧ ಎದ್ದು, ಅನುಮಾನಿಸಿ, ಮತ್ತೆ ಮಡಿಸಿಕೊಂಡಿತು. ಅವನ ಎದೆ ಡವಗುಟ್ಟುವುದು ಅವನಿಗೇ ಕೇಳಿಸುತ್ತಿತ್ತು, ಅದು ಮಾತ್ರ ಚೆನ್ನಾಗಿ ಕೇಳಿಸುತ್ತದೆ ಹಾಳಾದ್ದು. ಆಮೇಲೆ ಬೆರಳು ಎದ್ದಿತು. ನೆಟ್ಟಗೆ ಎದ್ದಿತು. ಐದು ನಿಮಿಷ ಮುಗಿಯುವವರೆಗೂ ಬೀಗಿತ್ತಿ ಅದನ್ನು ಇಳಿಸಲಿಲ್ಲ.

ಐದನೇ ಕಂಬದಲ್ಲಿ ಏನೂ ಇರಲಿಲ್ಲ.

ಕಚೇರಿಗೆ ವಾಪಸ್ಸು ನಡೆಯುವಾಗ ತಲೆಯೊಳಗೆ ಒಂದು ಹೊಸ ಲೆಕ್ಕ ತಾನಾಗಿಯೇ ಶುರುವಾಯಿತು. ಹೊಸ ನಮೂನೆ ತೆಗೆದುಕೊಂಡು ಇವತ್ತಿನದನ್ನು ಸರಿಯಾಗಿ ಬರೆದುಕೊಟ್ಟರಾಯಿತು. ಸೊನ್ನೆ, ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಈ ಸಲ ಇದ್ದಕ್ಕಿದ್ದ ಹಾಗೆ ಇಳಿದಿದೆ ಅಂದರಾಯಿತು. ಯಂತ್ರ ಬರುತ್ತದೆ, ಜೊಂಡು ಚಿಗುರುತ್ತದೆ, ಹಿಂದಿನದನ್ನು ಯಾರು ಕೆದಕುತ್ತಾರೆ? ಎಷ್ಟು ನಯವಾಗಿ ಬಂತು ಯೋಚನೆ! ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಅದನ್ನೇ ಬೀಗಿತ್ತಿಗೆ ಹೇಳಿದ, ಬೇರೆ ಯಾರದೋ ಸಲಹೆ ಅನ್ನುವ ಹಾಗೆ. ಅವರು ನಿಂತರು. 'ಇದ್ದಕ್ಕಿದ್ದ ಹಾಗೆ ಇಳೀತು ಅಂದ್ರೆ ಆ ಹುಡುಗಿ ಯಾಕೆ ಅಂತ ಕೇಳಲ್ವಾ?' ಕೇಳುತ್ತಾಳೆ. ಈ ವರ್ಷವೇ ಮೀನು ಹಿಡಿಯುವವರಿಗೆ ಈ ದಡಕ್ಕೆ ದೋಣಿ ತರಲು ಬಿಟ್ಟಿದ್ದಳು, ನಾಲ್ಕು ಮನೆಯವರು, ಅವಳೇ ಮೇಲಿನವರ ಹತ್ತಿರ ಜಗಳವಾಡಿ ಕೊಡಿಸಿದ ಅನುಮತಿ. ತಪ್ಪು ಅವರ ಮೇಲೆ ಬಂದು, ಮೊದಲು ನಿಲ್ಲುವುದು ಅವರ ದೋಣಿ. ಅವನಿಗೆ ಆ ನಾಲ್ಕು ಮನೆಯವರ ಮುಖವೂ ಗೊತ್ತಿತ್ತು, ಒಬ್ಬ ಒಂದು ಸಲ ಮಳೆಯಲ್ಲಿ ತನ್ನ ಪ್ಲಾಸ್ಟಿಕ್ ಹೊದಿಕೆ ಕೊಟ್ಟಿದ್ದ. 'ನಾನು ಮನೇಲಿ ಏನೂ ಹೇಳಲ್ಲ' ಅಂದರು ಬೀಗಿತ್ತಿ. 'ಅದು ನಿಮ್ಮ ಮಗಳಿಗೆ ನೀವೇ ಹೇಳೋ ಮಾತು. ಆದ್ರೆ ಇಲ್ಲಿ ಹೇಳದೆ ಹೋದ್ರೆ ನಾಳೆಯಿಂದ ನಿಮ್ಮ ಮುಖ ನೋಡೋಕೆ ನನಗೇ ಕಷ್ಟ ಆಗುತ್ತೆ ಬೀಗರೇ.'

ಕಚೇರಿಯಲ್ಲಿ ಅಧಿಕಾರಿ ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಕೂತಿದ್ದಳು. ಅವನು ಕೂರಲಿಲ್ಲ. ನಿಂತೇ ಹೇಳಿದ, ನಾಲ್ಕೇ ಮಾತಿನಲ್ಲಿ, ಯಾವ ನೆಪವನ್ನೂ ಸೇರಿಸದೆ. ಎರಡು ವರ್ಷದಿಂದ ನನಗೆ ಅದರ ದನಿ ಕೇಳಿಸುತ್ತಿಲ್ಲ. ಬರೆದುಕೊಟ್ಟ ಲೆಕ್ಕವೆಲ್ಲ ಸುಳ್ಳು. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ, ನಗಲು ಹೊರಟು ನಿಲ್ಲಿಸಿದಳು. ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ ಆ ಮಟ್ಟಸ ಗೆರೆಯ ಮೇಲೆ ಬೆರಳಿಟ್ಟು, ಈ ಕಡೆ ತಿರುಗದೆಯೇ, 'ಎರಡು ಸಲ ಯಂತ್ರ ವಾಪಸ್ ಕಳಿಸಿದ್ದೀನಿ ಸಾರ್. ನಿಮ್ಮ ಮಾತು ನಂಬಿ' ಅಂದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಹೌದು ಅಂದ. ಕಿವಿ ಹೋಗಿದ್ದಕ್ಕೆ ಯಾರೂ ಏನೂ ಅಂತಿರಲಿಲ್ಲವಲ್ಲ ಸಾರ್ ಅಂದಳು. ಅದಕ್ಕೂ ಹೌದು ಅಂದ. ಅವಳು ಗೋಡೆಯ ಕಾಗದವನ್ನು ಒಂದು ಮೂಲೆಯಿಂದ ಕಿತ್ತಳು, ಅಂಟು ಗಟ್ಟಿಯಿತ್ತು, ಸುಣ್ಣದ ಹಕ್ಕಳೆಯೂ ಜೊತೆಗೆ ಬಂತು. ಮೇಜಿನ ಮೇಲೆ ಹರಡಿ, ಕೆಂಪು ಪೆನ್ನಿನಲ್ಲಿ ಎರಡು ವರ್ಷದ ಮೇಲೆ ಉದ್ದಕ್ಕೂ ಗೆರೆ ಎಳೆದಳು. ಅವನು ನೋಡುತ್ತಾ ನಿಂತ. ನೋವಾಯಿತು, ಸುಳ್ಳಲ್ಲ. ಆದರೆ ಆ ಗೆರೆ ಮುಗಿಯುವ ಹೊತ್ತಿಗೆ ಅವನು ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ಎಳೆದುಕೊಂಡಿದ್ದ.

'ಇವತ್ತಿನದು?'

'ನಾಲ್ಕನೇ ಕಂಬದಲ್ಲಿ ಒಂದು. ಉಳಿದ ಕಡೆ ಇಲ್ಲ.'

'ಯಾರು ಕೇಳಿದ್ದು?'

'ನಾನು' ಅಂದರು ಬೀಗಿತ್ತಿ.

'ನಿಮಗೆ ಹಕ್ಕಿಗಳು ಗೊತ್ತಾ ಅಮ್ಮಾ?'

'ಕಾಗೆ ಗೊತ್ತು.'

ಅಧಿಕಾರಿ ಹಣೆ ಒತ್ತಿಕೊಂಡಳು. ಕೇಳಿದವರಿಗೆ ಗೊತ್ತಿಲ್ಲ, ಗೊತ್ತಿದ್ದವರಿಗೆ ಕೇಳಿಸಿಲ್ಲ. ಜೊಂಡಿನಲ್ಲಿ ಆ ಗಾತ್ರದ ಹಕ್ಕಿ ಇನ್ನೊಂದು ಇದೆ, ದನಿಯೂ ಹೆಚ್ಚುಕಮ್ಮಿ ಹಾಗೇ, ಅದು ಎಲ್ಲ ಹಳ್ಳದಲ್ಲೂ ಸಿಗುತ್ತದೆ. ಇದ್ದದ್ದು ಅದಾದರೆ ಎಲ್ಲ ಜೊಂಡನ್ನೂ ಒಂದೇ ಸಲಕ್ಕೆ ಬೋಳಿಸಬಹುದು. ಜೊಂಡಿನ ಹಕ್ಕಿಯೇ ಆದರೆ ನಾಲ್ಕನೇ ಕಂಬದ ಸುತ್ತ ಒಂದು ಕಾಂಡವನ್ನೂ ಮುಟ್ಟುವ ಹಾಗಿಲ್ಲ. 'ಯಾವುದು ಅಂತ ಹೇಗೆ ಹೇಳೋದು ಈಗ? ಹೇಗೆ ಕೂಗ್ತು ಅಮ್ಮಾ ಅದು?'

ಬೀಗಿತ್ತಿ ಗಂಟಲು ಸರಿಮಾಡಿಕೊಂಡರು. ಹಿಂಜರಿಕೆ ಅನ್ನುವುದು ಅವರ ಜಾತಕದಲ್ಲೇ ಇರಲಿಲ್ಲ. 'ನನ್ನ ದನಿ ದಪ್ಪ, ಅಷ್ಟು ಮೇಲೆ ಹೋಗಲ್ಲ. ಕೆಳಗಿಂದಲೇ ಹೇಳ್ತೀನಿ' ಅಂದು, ಕಣ್ಣು ಮುಚ್ಚಿ, ತುಟಿ ಚೂಪು ಮಾಡಿ ಶುರು ಮಾಡಿದರು. ಚಿರಿ ಚಿರಿ ಚಿರಿ, ತಿರ್ರ್ರ್, ಚುಯ್, ಚುಯ್. ಮತ್ತೆ ಚಿರಿ ಚಿರಿ. ಎಲ್ಲಿ ಅವಸರವೋ ಅಲ್ಲಿ ಅವಸರ, ಎಲ್ಲಿ ತಡೆಯೋ ಅಲ್ಲಿ ತಡೆ. ಹೆಂಗಸಿನ ದಪ್ಪ ಗಂಟಲಿನಲ್ಲಿ, ಕಚೇರಿಯ ಬೀರು ಕುರ್ಚಿಗಳ ನಡುವೆ, ಅದು ಬರುತ್ತಿತ್ತು. ಅವನಿಗೆ ಕೇಳಿಸುತ್ತಿತ್ತು. ಬಾಯಿ ತೆರೆದುಕೊಂಡು ನಿಂತ. ಆದರೆ ಇಷ್ಟೂ ಆ ಇನ್ನೊಂದು ಹಕ್ಕಿಯೂ ಕೂಗುತ್ತದೆ. ಬೀಗಿತ್ತಿ ನಿಲ್ಲಿಸಿದರು. ಮುಗಿಯಿತು ಅಂದುಕೊಂಡು ಅಧಿಕಾರಿ ಇವನ ಮುಖ ನೋಡಿದಳು. ಬೀಗಿತ್ತಿ ಒಂದು ಬೆರಳು ಎತ್ತಿ ತಡೆದು, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಬಿಟ್ಟು, ಮೆಲ್ಲಗೆ, ಬಾಗಿಲ ಚಿಲಕ ಬಿದ್ದ ಹಾಗೆ, 'ಚಕ್' ಅಂದರು.

ಅದನ್ನು ಅವನು ಮರೆತೇಬಿಟ್ಟಿದ್ದ. ಎರಡು ವರ್ಷ ಸುಳ್ಳು ಲೆಕ್ಕಕ್ಕೆ ತಲೆಯೊಳಗೆ ಕೂಗಿಸಿದ ಹಕ್ಕಿಗಳು ಯಾವುವೂ ಕೊನೆಗೆ ಚಕ್ ಅಂದಿರಲಿಲ್ಲ. ಹೌದಲ್ಲ, ಅದು ಹೀಗೆ ಹಾಡು ಮುಗಿಸಿ, ತಡೆದು, ಚಿಲಕ ಹಾಕುತ್ತದೆ. ಅದೊಂದೇ ಹಾಕುತ್ತದೆ. 'ಅದೇ' ಅಂದ. 'ಅದೇ ಮೇಡಂ. ಇದೆ. ಒಂದಿದೆ.' ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ. ಅಧಿಕಾರಿ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಹೊಸ ನಮೂನೆ ಎಳೆದುಕೊಂಡು ಒಂದು ಎಂದು ಬರೆದಳು. ಕೇಳಿದವರು, ಗುರುತಿಸಿದವರು ಎಂದು ಎರಡು ಸಾಲು ಬರೆದು ಇಬ್ಬರ ಕಡೆಗೂ ತಿರುಗಿಸಿದಳು. ಸಿಟ್ಟು ಇನ್ನೂ ಹೋಗಿರಲಿಲ್ಲ, ಪೆನ್ನನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಅವರು ಸಹಿ ಮಾಡುತ್ತಿರುವಾಗ ಫೋನು ಎತ್ತಿಕೊಂಡು, 'ಯಂತ್ರ ಕಳಿಸಿ. ಮೂರನೇ ಕಂಬದವರೆಗೆ ಮಾತ್ರ' ಅಂದಳು. ಇಟ್ಟ ಮೇಲೆ, 'ಮುಂದಿನ ತಿಂಗಳು ಅಮ್ಮ ಇರ್ತಾರಾ?' ಎಂದು ಕೇಳಿದಳು, ಅವನ ಮುಖ ನೋಡದೆ. 'ಎಂಟು ದಿನಕ್ಕೆ ಅಂತ ಬಂದಿದ್ದೆ' ಅಂದರು ಬೀಗಿತ್ತಿ, 'ಮಗನ ಮನೆ ತಾನೇ, ಯಾರು ಹೊರಗೆ ಹಾಕ್ತಾರೆ?'

ಅಧಿಕಾರಿ ಕಾಗದವನ್ನು ಕಡತಕ್ಕೆ ಸೇರಿಸಿ, ಬೂಟು ಸದ್ದು ಮಾಡುತ್ತಾ ಹೊರಗೆ ಹೋದಳು. ಕಿಟಕಿಯಾಚೆ ಬಿಸಿಲು ಏರಿತ್ತು. ಅವನು ಕೊನೆಗೂ ಕೂತ, ಬೀಗಿತ್ತಿಯ ಎದುರಿಗೆ.

'ಇನ್ನೊಂದ್ಸಲ ಹೇಳ್ತೀರಾ ಅದನ್ನ?'

'ಯಾಕೆ, ಬರ್ಕೊಂಡ್ರಲ್ಲ?'

'ಲೆಕ್ಕಕ್ಕಲ್ಲ' ಅಂದ ಅವನು.